ಕರು ಇಳಿಸಿದ ದಿನ

ನಮ್ಮ ದೊಡ್ಡಪ್ಪ ತಂಬೂರಿಯನ್ನು ಗೋಡೆಗೆ ನೇತು ಹಾಕಿ ಎರಡು ವರ್ಷವಾಯಿತು. ಹಾಕಿಸಿದವರು ಊರಗೌಡರಲ್ಲ, ಪೊಲೀಸರಲ್ಲ, ಮಠದೋರಲ್ಲ. ನಾವು.

ನಾವು ಅಂದರೆ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಒಂದು ಕೇರಿಯಿಂದ ಮೊದಲ ಸಲ ಡಿಗ್ರಿ ದಾಟಿದ ಮೂರು ಹೈಕಳು. ಬರೆಯುತ್ತಿರುವ ಕೈ ಒಂದೇ. ಆದರೆ ತಪ್ಪು ಮೂವರದೂ ಆಗಿರುವುದರಿಂದ ‘ನಾನು’ ಎಂದು ಬರೆದುಕೊಂಡು ಒಬ್ಬನೇ ಅದನ್ನು ಹೊತ್ತು ದೊಡ್ಡವನಾಗುವ ಆಸೆಯಿಲ್ಲ. ಪದ್ಯದಲ್ಲಿ ‘ನಾನು’ ‘ನಾನು’ ಅಂತ ಬರೆದು ಬರೆದು ಸಾಕಾಗಿದೆ.

ದೊಡ್ಡಪ್ಪ ನೀಲಗಾರ. ಹುಡುಗನಾಗಿದ್ದಾಗಲೇ ಮಠದಲ್ಲಿ ದೀಕ್ಷೆ ಕೊಡಿಸಿ, ಕೊರಳಿಗೆ ಮಣಿ ಕಟ್ಟಿಸಿ, ಹಣೆಗೆ ಕಪ್ಪುಧೂಳ್ತ ಇಡಿಸಿ, ಕೈಗೆ ತಂಬೂರಿ ಕೊಟ್ಟು ಬಿಟ್ಟವರು ಅವನ ಅಪ್ಪ. ಇಸ್ಕೂಲಿಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಆದರೆ ಮಂಟೇಸ್ವಾಮಿಯ ಕಥೆಯನ್ನು ರಾತ್ರಿ ಊಟವಾದ ಮೇಲೆ ಶುರು ಮಾಡಿದರೆ ಕೋಳಿ ಕೂಗುವವರೆಗೆ, ಮಾರನೇ ರಾತ್ರಿ, ಅದರ ಮಾರನೇ ರಾತ್ರಿ, ಹಾಳೆ ನೋಡದೆ ಹಾಡಬಲ್ಲ. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಪಕ್ಕದಲ್ಲಿ ಡಕ್ಕೆ, ತಾಳ. ಹಿಂದೆ ಸೊಲ್ಲು ಎತ್ತಿಕೊಳ್ಳುವ ಇಬ್ಬರು. ಅಷ್ಟೇ ಮೇಳ.

ದೂರದ ಗೆಳೆಯರಿಗಾಗಿ ಇಷ್ಟು ಹೇಳಬೇಕು. ನಮ್ಮ ಕಡೆ ದೇವರುಗಳು ಶಾಸ್ತ್ರದಲ್ಲಿ ಬದುಕಿಲ್ಲ, ಹಾಡಿನಲ್ಲಿ ಬದುಕಿದ್ದಾರೆ. ಮಾದೇಶ್ವರನ ಹಾಡು ಕಂಸಾಳೆಯ ದೇವರಗುಡ್ಡರ ಬಾಯಲ್ಲಿ, ಮಂಟೇಸ್ವಾಮಿಯದು ನೀಲಗಾರರ ತಂಬೂರಿಯಲ್ಲಿ. ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿ, ಕಾವೇರಿ ದಂಡೆಯ ಕಪ್ಪಡಿಯಲ್ಲಿ ರಾಚಪ್ಪಾಜಿ, ನಮ್ಮ ಚಿಕ್ಕಲ್ಲೂರಲ್ಲಿ ಸಿದ್ದಪ್ಪಾಜಿ. ರಾಜಮಹಾರಾಜರ ಗಡಿ ಈ ಹಾಡಿಗೆ ಗೊತ್ತಿಲ್ಲ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರಿಗೆ ಬಂತು, 1997ರಲ್ಲಿ ಚಾಮರಾಜನಗರಕ್ಕೆ ಹೋಯಿತು, ಹನೂರು ಈಗ ಬೇರೆ ತಾಲ್ಲೂಕು. ಸರ್ಕಾರದ ಕಾಗದ ಮೂರು ಸಲ ಬದಲಾಯಿತು. ನೀಲಗಾರ ಮಾತ್ರ ಅದೇ ಜೋಳಿಗೆ ಹಾಕಿಕೊಂಡು ಮಳವಳ್ಳಿಯಿಂದ ಯಳಂದೂರಿಗೂ ಹನೂರಿಗೂ ನಡೆದುಕೊಂಡೇ ಬಂದ.

ಮಂಟೇಸ್ವಾಮಿ ಎಂಥವನು? ಅವನು ಕಲ್ಯಾಣಕ್ಕೆ ಹೋದ ಬಗೆ ನೋಡಿ. ಮೈತುಂಬ ಹುಣ್ಣು, ಕೀವು ಸುರಿಯುತ್ತಿದೆ, ನೊಣ ಮುತ್ತಿವೆ. ಒಂದು ಕೈಯಲ್ಲಿ ಹೆಂಡದ ಗಡಿಗೆ. ಹೆಗಲ ಮೇಲೆ ಸತ್ತ ಕರು. ಹೀಗೆ ಹೋಗಿ ಬಸವಣ್ಣನ ಬಾಗಿಲಲ್ಲಿ ನಿಂತ. ಒಳಗೆ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಎಡೆ ಮುಂದೆ ಕುಂತಿದ್ದಾರೆ. ಜಾತಿ ಇಲ್ಲ ಅಂದ ಕಲ್ಯಾಣ ಅದು. ಆ ಕಲ್ಯಾಣದ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ತಿಪ್ಪೆಗೆ ಎಸೆದರು. ನಮ್ಮ ಜನ ಬಸವಣ್ಣನನ್ನು ಬೈಯುವುದಿಲ್ಲ. ಹಾಡಿನ ಕೊನೆಗೆ ಅವನು ಓಡಿ ಬಂದು ಕಾಲು ಹಿಡಿಯುತ್ತಾನೆ. ಆದರೆ ನಿನ್ನ ಮನೆಯೊಳಗೆ ಕುಂತು ಉಣ್ಣುತ್ತಿರುವವರು ಯಾರು ಅಂತ ಒಂದು ಸಲ ಎಣಿಸಿ ನೋಡು ಅಂತ ಹೇಳುತ್ತಾರೆ. ಇದಕ್ಕಿಂತ ದೊಡ್ಡ ಬಂಡಾಯದ ವಿಮರ್ಶೆಯನ್ನು ನಾವು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ.

ದೊಡ್ಡಪ್ಪ ಇದನ್ನು ಬರೀ ಹಾಡಿಕೊಂಡು ಹೋಗಿದ್ದರೆ ಈ ಬರಹ ಬೇಕಿರಲಿಲ್ಲ. ಅವನು ಪದ ಕಟ್ಟುತ್ತಿದ್ದ. ಅವನ ಪಿತ್ತ ಎಲ್ಲಿ ಕೆರಳುತ್ತಿತ್ತೆಂದರೆ ಸರಿಯಾಗಿ ಆ ತಿಪ್ಪೆಯ ಮೇಲೆ. “ತಿಪ್ಪೆ ಮೇಲ ಬಿದ್ದಿರೋ ಮಂಟೇದಯ್ಯ ಕಣ್ಮುಚ್ಕ ಬಿದ್ದಿದ್ನಾ? ನೋಡ್ಕಂಡೇ ಬಿದ್ದಿದ್ದ ಕನ. ಏನ್ ನೋಡ್ದ ಅಂತ ಹಳೇ ಗುರುಗಳು ಹೇಳ್ನಿಲ್ಲ. ನಾ ಹೇಳ್ತಿನಿ” ಅನ್ನುತ್ತಿದ್ದ. ತಂಬೂರಿಯ ಶ್ರುತಿ ಹಾಗೇ ಇಟ್ಟುಕೊಂಡು, ಸಾಲಿನ ಧಾಟಿ ಬಿಡದೆ, ತಿಪ್ಪೆಯಿಂದ ಕಂಡದ್ದನ್ನೆಲ್ಲ ಕಟ್ಟಿ ಹಾಡುತ್ತಿದ್ದ. ಕರಿಕಲ್ಲಿನ ಕ್ವಾರಿಯಲ್ಲಿ ಬಂಡೆ ಉರುಳಿ ಸತ್ತವನ ಹೆಂಡತಿ ಕಂಡಳು. ಹಾಸ್ಟೆಲಿನ ಸಾರಿನಲ್ಲಿ ಹುಳ ಕಂಡಿತು. ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಮಂಟೇಸ್ವಾಮಿ ಪ್ರತಿ ಊರಿನ ತಿಪ್ಪೆಯಲ್ಲೂ ಬಿದ್ದಿದ್ದ. ಹೊಸ ಊರಿಗೆ ಹಾಡಲು ಹೋದಾಗ ದೊಡ್ಡಪ್ಪ ಮೊದಲು ಕೇಳುತ್ತಿದ್ದದ್ದು ‘ನಿಮ್ಮೂರ ತಿಪ್ಪೆ ಎಲ್ಲದ’ ಅಂತ. ನಗುತ್ತಿದ್ದರು. ರಾತ್ರಿ ಹಾಡು ಕೇಳಿದ ಮೇಲೆ ನಗುತ್ತಿರಲಿಲ್ಲ.

2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆತು 17 ಜನ ಸತ್ತರಲ್ಲ, ಆ ವಾರ ದೊಡ್ಡಪ್ಪ ಉಂಡಿದ್ದು ಕಡಿಮೆ. ಆಮೇಲೆ ಒಂದು ಪದ ಕಟ್ಟಿದ. ಗೋಪುರಕ್ಕಾಗಿ ಒಳಗಿನವರು ಜಗಳವಾಡುತ್ತಾರೆ, ಹೊರಗೆ ಎಲೆ ಹಾಸಿ ಕುಂತವರು ಸಾಯುತ್ತಾರೆ. ಮಂಟೇಸ್ವಾಮಿ ತಿಪ್ಪೆಯಿಂದ ಎದ್ದು ಬಂದು ಒಂದೊಂದು ಎಲೆಯನ್ನೂ ಮಡಿಚಿ ಎಣಿಸುತ್ತಾನೆ. ಹದಿನೇಳು ಎಲೆ. ಎಣಿಸುವಾಗ ತಾಳ ನಿಲ್ಲಿಸಿಬಿಡುತ್ತಿದ್ದ. ಬರೀ ತಂಬೂರಿ. ನಾವು ಕಾಲೇಜಿನಲ್ಲಿ ಪದ್ಯ ಬರೆಯುತ್ತಿದ್ದ ಕಾಲ ಅದು. ನಾವೂ ಸುಳ್ವಾಡಿಯ ಮೇಲೆ ಒಂದೊಂದು ಪದ್ಯ ಬರೆದೆವು. ‘ವ್ಯವಸ್ಥೆ’ ಅನ್ನುವ ಪದ ಮೂರರಲ್ಲೂ ಇತ್ತು. ಎಲೆ ಎಣಿಸಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಈ ಮನುಷ್ಯ ಯಾರಿಗೂ ಸರಿಹೋಗಲಿಲ್ಲ. ಹಳೆಯ ನೀಲಗಾರರು ಗುರುವಿನ ಸಾಲಿಗೆ ಸಗಣಿ ಸೇರಿಸ್ತಾನೆ ಅಂದರು. ಸಂಘದ ಹುಡುಗರು ಬೇರೆ ದಿಕ್ಕಿನಿಂದ ಬಂದರು: ದೇವರ ಪದ ಬಿಟ್ಟುಬಿಡು, ಬಾಬಾಸಾಹೇಬರ ಪದ ಹಾಡು. ಸರಿ ಅಂತ ಬಾಬಾಸಾಹೇಬರ ಪದ ಕಟ್ಟಿದ. ಅದರಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬಂದಾಗ ಕೋಟು ಹಾಕಿಕೊಂಡು ಪುಸ್ತಕ ಹಿಡಿದ ಒಬ್ಬರು ಆಗಲೇ ಅಲ್ಲಿ ಹೊರಗೆ ನಿಂತಿದ್ದಾರೆ. ಸಂಘದವರಿಗೆ ಸಿಟ್ಟು ಬಂತು. ಬಾಬಾಸಾಹೇಬರು ಅವರ ಬಾಗಿಲು ಕಾಯಬೇಕಾ? ದೊಡ್ಡಪ್ಪ ಅಂದ: “ಕಾಯ್ತಾ ನಿಂತಿಲ್ಲ ಕನ್ರಪ್ಪ. ಬಾಗ್ಲ ಅಳತೆ ತಕ್ಕತಾ ಅವ್ರೆ.”

ಅವನನ್ನು ಹುತಾತ್ಮ ಮಾಡಲು ಹೊರಟಿಲ್ಲ. ಕುಡಿಯುತ್ತಿದ್ದ. ದೊಡ್ಡವ್ವನ ಮೇಲೆ ಕೈ ಮಾಡಿದ್ದನ್ನೂ ಕಂಡಿದ್ದೇವೆ. ಮಾದೇಶ್ವರನ ಹಾಡಿನಲ್ಲಿ ಸಂಕಮ್ಮನ ಸಾಲು ಬರುತ್ತದೆ. ಗಂಡ ನೀಲೇಗೌಡ ಕಾಡಿಗೆ ಹೋಗುವ ಮೊದಲು ಹೆಂಡತಿಯ ಶೀಲಕ್ಕೆ ಭಾಷೆ ಕೇಳುತ್ತಾನೆ, ಸಂಕಮ್ಮ ಕೊಡುವುದಿಲ್ಲ, ಅದಕ್ಕಾಗಿ ಪಡಬಾರದ ಕಷ್ಟ ಪಡುತ್ತಾಳೆ. ಹಟ್ಟಿಯಲ್ಲಿ ಕುಂತು ದೊಡ್ಡಪ್ಪ ಬೇರೆ ಏನು ಗುನುಗಿದರೂ ಸೊಲ್ಲು ಎತ್ತುವ ದೊಡ್ಡವ್ವ ಆ ಸಾಲಿಗೆ ಮಾತ್ರ ಎದ್ದು ಒಲೆ ಕಡೆ ಹೋಗುತ್ತಿದ್ದಳು. “ನೀಲೇಗೌಡನೇ ಸಂಕಮ್ಮನ ಪದ ಹಾಡುದ್ರೆ ನಾ ಯಾಕ್ ದನಿ ಕೊಡ್ಲಿ?” ದೊಡ್ಡವ್ವ ಯಳಂದೂರು ಕಡೆಯವಳು. ಅದೇ ಯಳಂದೂರಿನ ಸಂಚಿ ಹೊನ್ನಮ್ಮ ಹದಿನೇಳನೇ ಶತಮಾನದಲ್ಲಿ ಅರಮನೆಯಲ್ಲಿ ಎಲೆ ಅಡಿಕೆಯ ಚೀಲ ಹಿಡಿಯುತ್ತ ‘ಹದಿಬದೆಯ ಧರ್ಮ’ ಬರೆದಳು, ಗಂಡನಿಗೆ ಹೇಗೆ ನಡೆದುಕೊಳ್ಳಬೇಕು ಅಂತ. ಹೆಣ್ಣನ್ನು ಯಾಕೆ ಕೀಳಾಗಿ ಕಾಣುತ್ತೀರಿ ಎಂದು ಅದರ ನಡುವೆಯೇ ಕೇಳಿದಳು ಕೂಡ. ನಮ್ಮ ದೊಡ್ಡವ್ವ ಏನೂ ಬರೆಯಲಿಲ್ಲ, ಎದ್ದು ಹೋದಳು. ಎರಡರಲ್ಲಿ ಯಾವುದು ಹೆಚ್ಚು ಅನ್ನುವುದನ್ನು ನಾವು ತೀರ್ಮಾನಿಸಲಾರೆವು. ನಮ್ಮ ಓಟು ದೊಡ್ಡವ್ವನ ಕಡೆ.

ಈಗ ನಮ್ಮ ಓದಿನ ಸಂಗತಿ. ಡಿಗ್ರಿಗೆ ಹೋದಾಗ ಜಾನಪದ ಒಂದು ಪತ್ರಿಕೆ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ತಂದ ಮಂಟೇಸ್ವಾಮಿ ಮಹಾಕಾವ್ಯ ಲೈಬ್ರರಿಯಲ್ಲಿತ್ತು. ಎಷ್ಟು ದಪ್ಪ ಪುಸ್ತಕ! ನಮ್ಮ ಕೇರಿಯ ಜಗುಲಿಯ ಮಾತು ಗಟ್ಟಿ ರಟ್ಟಿನೊಳಗೆ ಕುಂತಿದೆ. ಮೇಷ್ಟ್ರು ‘ಸಾಂಸ್ಕೃತಿಕ ನಾಯಕ’ ಅಂತ ಬೋರ್ಡಿನ ಮೇಲೆ ಬರೆದರು. ನಾವು ಹತ್ತು ಅಂಕಕ್ಕೆ ಬರೆದೆವು. ಇನ್ನೊಂದು ದಿನ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಪುಸ್ತಕ ಸಿಕ್ಕಿತು, ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅನುವಾದ, ಸಾಹಿತ್ಯ ಅಕಾಡೆಮಿ, 2001. ಹಾಡಿದವನ ಹೆಸರೇ ಪುಸ್ತಕದ ಮೇಲೆ ಅಚ್ಚಾಗಿದೆ. ಅದನ್ನು ನಾವು ಎಷ್ಟೋ ಹೊತ್ತು ನೋಡುತ್ತ ಕುಂತಿದ್ದೆವು. ದೊಡ್ಡಪ್ಪನ ಹೆಸರೂ ಹೀಗೆ ಬರಬೇಕು ಅನ್ನುವ ಹುಳ ತಲೆಗೆ ಹೊಕ್ಕಿದ್ದು ಅಲ್ಲಿಯೇ.

ಅದೇ ಲೈಬ್ರರಿಯಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಓದಿದೆವು. 1975ರ ಪುಸ್ತಕ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಹೊತ್ತಿಕೊಂಡ ಬೆಂಕಿಯ ನಂತರದ ಕಾಲ. ಆ ಪುಸ್ತಕದ ಪದಗಳು ಓದಿದವರಿಗಿಂತ ಹಾಡಿದವರಿಂದ ಬೆಳೆದವು. ಮೆರವಣಿಗೆಯಲ್ಲಿ, ಧರಣಿಯಲ್ಲಿ, ಹಾಸ್ಟೆಲಿನ ಬಚ್ಚಲಲ್ಲಿ. ಕವಿ 2021ರ ಜೂನ್‌ನಲ್ಲಿ ತೀರಿಕೊಂಡಾಗ ನಮ್ಮ ಕೇರಿಯಲ್ಲಿ ಹೆಸರು ಗೊತ್ತಿಲ್ಲದವರಿಗೂ ಹಾಡು ಗೊತ್ತಿತ್ತು. ನಮ್ಮ ಪದ್ಯಗಳನ್ನು ಯಾರೂ ಹಾಡುವುದಿಲ್ಲ. ಯಾಕೆ ಅಂತ ದೊಡ್ಡಪ್ಪನನ್ನು ಕೇಳಿದ್ದಕ್ಕೆ ಒಂದನ್ನು ಓದಿಸಿಕೊಂಡು ಕೇಳಿ, “ಉಸ್ರು ಎಲ್ ತಕ್ಕಬೇಕು ಅಂತ ಬರ್ದಿಲ್ವಲ್ಲ ಮೊಗಾ” ಅಂದ.

ಹಾಡುವವನಿಗೂ ಅಧಿಕಾರಕ್ಕೂ ಇರುವ ಲೆಕ್ಕ ಎಲ್ಲ ಕಡೆಯೂ ಒಂದೇ ಥರ ಗೋಜಲು. ರೊಮೇನಿಯಾ ದೇಶದಲ್ಲಿ 1973ರಲ್ಲಿ ಅಡ್ರಿಯನ್ ಪೌನೆಸ್ಕು ಅನ್ನುವ ಕವಿ ‘ಜ್ವಾಲೆ’ ಎಂಬ ಕೂಟ ಕಟ್ಟಿದ. ಗಿಟಾರು ಹಿಡಿದ ಹುಡುಗರು ತಾವೇ ಪದ ಕಟ್ಟಿ, ಹಳ್ಳಿಯ ಧಾಟಿಗಳನ್ನೂ ಕವಿಗಳ ಪದ್ಯಗಳನ್ನೂ ಬೆರೆಸಿ ಮೈದಾನ ತುಂಬ ಹಾಡಿದರು. ಸರ್ವಾಧಿಕಾರಿ ಚೌಶೆಸ್ಕುವಿನ ಕಾಲ. ಕವಿ ಒಂದು ಬಾಯಲ್ಲಿ ಚೌಶೆಸ್ಕುವನ್ನು ಹೊಗಳಿದ, ಅವನ ವೇದಿಕೆಯ ಮೇಲೇ ಹುಡುಗರಿಗೆ ಬೇರೆ ಗಾಳಿ ಸಿಕ್ಕಿತು. 1985ರಲ್ಲಿ ಪ್ಲೊಯೆಶ್ಟಿ ಊರಿನಲ್ಲಿ ಕಾಲ್ತುಳಿತದಲ್ಲಿ ಜನ ಸತ್ತರು. ಅದನ್ನು ಮುಂದಿಟ್ಟು ಕೂಟವನ್ನೇ ಮುಚ್ಚಿಸಿದರು. ನಮ್ಮ ಪಕ್ಕದ ತೆಲುಗು ಸೀಮೆಯ ಗದ್ದರ್ ಕಥೆ ಬೇರೆ: ಕಂಬಳಿ ಹೊದ್ದು, ಕೋಲು ಹಿಡಿದು ಹಾಡಿದ್ದಕ್ಕೆ 1997ರಲ್ಲಿ ಗುಂಡು ಹೊಡೆದರು, 2023ರಲ್ಲಿ ಸಾಯುವವರೆಗೂ ಒಂದು ಗುಂಡು ಬೆನ್ನಿನಲ್ಲೇ ಇತ್ತು. ಮೈದಾನ ಕೊಟ್ಟು ಮುಚ್ಚಿಸುವುದು ಒಂದು ಬಗೆ, ಗುಂಡು ಇನ್ನೊಂದು ಬಗೆ. ನಾವು ದೊಡ್ಡಪ್ಪನಿಗೆ ಮಾಡಿದ್ದು ಮೂರನೆಯದು. ಶಾಲು ಹೊದಿಸಿದೆವು.

ಕೊಳ್ಳೇಗಾಲದಲ್ಲಿ ಒಂದು ಕಾರ್ಯಕ್ರಮ. ಯಾರದು ಅಂತ ಬರೆಯುವುದಿಲ್ಲ, ಯಾರದಾದರೂ ಹೀಗೇ ಆಗುತ್ತಿತ್ತು. ಓಡಾಡಿ, ಕೈಕಾಲು ಕಟ್ಟಿ ದೊಡ್ಡಪ್ಪನ ಹೆಸರು ಸೇರಿಸಿದವರು ನಾವೇ. ಹನ್ನೆರಡು ನಿಮಿಷ ಕೊಟ್ಟರು. ಮೂರು ರಾತ್ರಿಯ ಹಾಡಿಗೆ ಹನ್ನೆರಡು ನಿಮಿಷ. ಆಮೇಲೆ ಫೋನು ಬಂತು. ಸುಳ್ವಾಡಿ ಪದ ಬೇಡ, ಕೋರ್ಟಿನಲ್ಲಿರುವ ವಿಷಯ. ಕಲ್ಯಾಣದ ಸಾಲು ಹಾಡಲಿ, ತೊಂದರೆಯಿಲ್ಲ, ಆದರೆ ಆ ಕರು... 2020ರ ಗೋಹತ್ಯೆ ನಿಷೇಧದ ಹೊಸ ಕಾನೂನು ಬಂದಿದೆ, ಕಾಲ ಸರಿಯಿಲ್ಲ, ಯಾರಾದರೂ ವಿಡಿಯೋ ಮಾಡಿ ಬಿಟ್ಟರೆ? ಸತ್ತ ಕರುವನ್ನು ಹೊತ್ತರೆ ಅದು ಹತ್ಯೆ ಹೇಗಾಗುತ್ತದೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆಯ್ತು ಸಾರ್ ಅಂದೆವು.

ನಿಜ ಹೇಳಬೇಕೆಂದರೆ ಫೋನು ಬರದಿದ್ದರೂ ಕರು ನಮ್ಮ ಗಂಟಲಲ್ಲೇ ಇತ್ತು. ನಮ್ಮ ಮೇಷ್ಟ್ರುಗಳು ಬರುವವರಿದ್ದರು. ಕ್ಲಾಸಿನಲ್ಲಿ ಜೊತೆ ಕುಂತವರು ಬರುವವರಿದ್ದರು. ‘ಸಾಂಸ್ಕೃತಿಕ ನಾಯಕ’ ಅಂತ ಪರೀಕ್ಷೆಯಲ್ಲಿ ಬರೆಯುವುದು ಒಂದು. ಮೈಕಿನಲ್ಲಿ ನಮ್ಮ ದೊಡ್ಡಪ್ಪನೇ ನಿಂತು ಹುಣ್ಣು, ಹೆಂಡ, ಸತ್ತ ಕರು ಅಂತ ಹಾಡುವಾಗ ಪಕ್ಕದವನು ತಿರುಗಿ ನಮ್ಮ ಮುಖ ನೋಡುವುದು ಇನ್ನೊಂದು. ನಮ್ಮ ತಾತನವರೆಗೂ ಊರಿನ ಸತ್ತ ದನ ಹೊತ್ತವರು ನಮ್ಮ ಜನ. ಬಿಟ್ಟಿ ಚಾಕರಿ. ಹೊರದಿದ್ದರೆ ಏಟು. ಆ ಹೆಗಲನ್ನು ತೊಳೆದುಕೊಳ್ಳುವುದಕ್ಕೇ ಅಲ್ಲವೇ ಓದಿದ್ದು?

ನಾಚಿಕೆ ಎಂದು ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಸಿದ್ಧಾಂತ ಹುಡುಕಿದೆವು. ಓದಿದವರ ಚಾಳಿ. “ದೊಡ್ಡಪ್ಪ, ಬಾಬಾಸಾಹೇಬ್ರೇ 1927ರಲ್ಲಿ ಮಹಾಡ್‌ನಲ್ಲಿ ಸತ್ತ ದನದ ಸಹವಾಸ ಬುಟ್ಬುಡಿ ಅಂತ ಹೇಳವ್ರೆ. ನಾವು ಅದ ಇನ್ನೂ ಹಾಡ್ಕಂಡು ಕುಂತ್ರೆ ಹೆಂಗೆ?” ಅಂದೆವು.

ದೊಡ್ಡಪ್ಪ ಬೀಡಿ ಹಚ್ಚಿದ್ದ. “ಹೊರ್ಬೇಡಿ ಅಂದವ್ರೆ. ಸರೀಗದ. ಹೊತ್ತಿದ್ದ ಮರ್ತ್ಬುಡಿ ಅಂತ್ಲೂ ಅಂದವ್ರಾ?”

ನಾವು ಸುಮ್ಮನಾದೆವು. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಮ್ಮಲ್ಲೊಬ್ಬ, ಯಾರೆಂದು ಮೂವರಿಗೂ ಗೊತ್ತು, “ನಮ್ಗೆ ಮರ್ವಾದಿ ಪ್ರಶ್ನೆ ದೊಡ್ಡಪ್ಪ, ಇದೊಂದ್ ಸಲ” ಅಂದುಬಿಟ್ಟ. ದೊಡ್ಡಪ್ಪ ಬೀಡಿ ಆರಿಸಿದ. ಆಮೇಲೆ ವಾದ ಮಾಡಲಿಲ್ಲ.

ಅವತ್ತು ಸಂಜೆ ಬಿಳಿ ಅಂಗಿ ಹಾಕಿಕೊಂಡು ಬಂದ. ಹೇಳಿದ ಹಾಗೇ ಹಾಡಿದ. ಹಠ ಹಿಡಿದು ವೇದಿಕೆಯ ಮೇಲೆ ಕರುವನ್ನು ಎತ್ತಿಕೊಂಡಿದ್ದರೆ ನಾವು ಈಗ ಎದೆ ಉಬ್ಬಿಸಿ ಬೇರೆ ಲೇಖನ ಬರೆಯುತ್ತಿದ್ದೆವು. ಹಾಗೆ ಮಾಡಲಿಲ್ಲ. ಮಂಟೇಸ್ವಾಮಿ ಕಲ್ಯಾಣಕ್ಕೆ ಬಂದ, ಬಾಗಿಲಲ್ಲಿ ನಿಂತ, ಬಸವಣ್ಣ ಬಂದ, ಒಳಗೆ ಕರೆದ. ಹನ್ನೊಂದು ನಿಮಿಷಕ್ಕೇ ಮುಗಿಯಿತು. ಧ್ವನಿ ಚೆನ್ನಾಗಿತ್ತು. ಚಪ್ಪಾಳೆ ಬಿತ್ತು. ಶಾಲು, ಹಾರ, ಗಾಜಿನ ಪೆಟ್ಟಿಗೆಯಲ್ಲಿ ನೆನಪಿನ ಕಾಣಿಕೆ. ಮೇಷ್ಟ್ರು ನಮ್ಮ ಬೆನ್ನು ತಟ್ಟಿದರು. 1996ರಲ್ಲಿ ‘ಜನುಮದ ಜೋಡಿ’ ಸಿನಿಮಾದಿಂದ ಮಾದೇಶ್ವರನ ಪದ ನಾಡಿಗೆಲ್ಲ ಗೊತ್ತಾಯಿತು, ಮಂಟೇಸ್ವಾಮಿಗೂ ಹಾಗೆ ಆಗಬೇಕು ಅಂತ ಒಬ್ಬರು ಭಾಷಣ ಮಾಡಿದರು.

ರಾತ್ರಿ ಹನೂರು ಕಡೆಯ ಕೊನೆ ಬಸ್ಸು. ತಂಬೂರಿಯನ್ನು ಮಗುವಿನ ಥರ ತೊಡೆಯ ಮೇಲೆ ಮಲಗಿಸಿಕೊಂಡು ಕಿಟಕಿ ಪಕ್ಕ ಕುಂತಿದ್ದ. ಊರು ಹತ್ತಿರ ಬಂದಾಗ ನಮ್ಮ ಕಡೆ ತಿರುಗದೆ ಅಂದ:

“ಮೊಗಾ, ಇವತ್ತು ಮಂಟೇದಯ್ಯ ಬರೀ ಹೆಗ್ಲಲ್ಲಿ ಕಲ್ಯಾಣಕ್ ಹೋದ ಕನ. ಬರೀ ಹೆಗ್ಲಲ್ಲಿ ಹೋದವನ್ನ ಯಾರ್ ತಡದಾರು? ತಡೀದೆ ಇದ್ಮೇಲೆ ತಿಪ್ಪೆ ಎಲ್ ಬಂತು? ತಿಪ್ಪೆ ಇಲ್ದೆ ನನ್ ಪದ ಎಲ್ ಬಂತು?”

ಮಾರನೇ ದಿನ ತಂಬೂರಿ ಗೋಡೆ ಸೇರಿತು. ಶಾಲನ್ನು ಅದಕ್ಕೇ ಹೊದಿಸಿದ್ದಾನೆ. ಪಕ್ಕದಲ್ಲಿ ಬಾಬಾಸಾಹೇಬರ ಕ್ಯಾಲೆಂಡರು.

ಆ ಮೇಲೆ ಬಂದ ಪುಷ್ಯದ ಹುಣ್ಣಿಮೆಗೆ ದೊಡ್ಡಪ್ಪನ ಜೊತೆ ಚಿಕ್ಕಲ್ಲೂರಿಗೆ ಹೋದೆವು. ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ ಉರಿಸುತ್ತಾರೆ, ಕಂಡಾಯಗಳು ಬರುತ್ತವೆ. ನಾಲ್ಕನೇ ದಿನ ಪಂಕ್ತಿಸೇವೆ: ಬಯಲಲ್ಲೇ ಬಿಡಾರ ಹೂಡಿ, ಕುರಿ ಕೋಳಿ ಕುಯ್ದು ಬೇಯಿಸಿ, ಜಾತಿ ನೋಡದೆ ಸಾಲಾಗಿ ಕುಂತು ಉಣ್ಣುವುದು. ಈಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾನೂನನ್ನು ಹಿಡಿದು ದಾರಿಯಲ್ಲೇ ತಪಾಸಣೆ. ಅದು ಬಲಿಯಲ್ಲ, ಗುಡಿಯ ಮುಂದೆ ಯಾರೂ ಕಡಿಯುವುದಿಲ್ಲ, ನೆಂಟರಿಗೆ ಮಾಡುವ ಅಡಿಗೆ ಅಂತ ಜನ ಹೇಳುತ್ತಲೇ ಇದ್ದಾರೆ. ಚೀಲ ಬಿಚ್ಚಿಸಿ ನೋಡುತ್ತಿದ್ದ ಪೇದೆ ದೊಡ್ಡಪ್ಪನ ಜೋಳಿಗೆಯನ್ನೂ ಬಿಚ್ಚಿಸಿದ. “ಏನೈತೆ ಯಜಮಾನ?” “ಏನೂ ಇಲ್ಲ ಸ್ವಾಮಿ, ಇದ್ದದ್ದ ಕೊಳ್ಳೇಗಾಲದಲ್ಲೇ ಇಳ್ಸ್‌ಬುಟ್ಟು ಬಂದಿವ್ನಿ” ಅಂದ. ಪೇದೆಗೆ ಅರ್ಥವಾಗಲಿಲ್ಲ, ಬಿಟ್ಟ. ನಮಗೆ ಆಯಿತು. ಆ ರಾತ್ರಿ ಸುತ್ತ ಹತ್ತು ಕಡೆ ತಂಬೂರಿ ಕೇಳುತ್ತಿತ್ತು. ಬಾ ಅಂತ ಹಳೇ ಜೊತೆಗಾರರು ಕರೆದರು. ಹೋಗಿ ಕುಂತ, ಎಲೆ ಅಡಿಕೆ ಹಾಕಿದ, ಹಾಡಲಿಲ್ಲ.

ಈಗ ನಾವು ಅವನ ಪದಗಳನ್ನು ಬರೆದಿಡಲು ಹೊರಟಿದ್ದೇವೆ. ಅವನು ಕೊಡುವುದಿಲ್ಲ. ದೊಡ್ಡವ್ವ ಕೊಡುತ್ತಾಳೆ. ನಲವತ್ತು ವರ್ಷ ಕೇಳಿದವಳು. ರಾಗಿ ಕೇರುತ್ತ ಹೇಳುತ್ತಾಳೆ, ನಾವು ಬರೆಯುತ್ತೇವೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೋ ಅಲ್ಲಿ ಒಂದು ಗೆರೆ ಎಳೆಯುತ್ತೇವೆ. ಕ್ವಾರಿಯ ಪದ ಬಂದಿದೆ. ಹಾಸ್ಟೆಲಿನದು ಬಂದಿದೆ. ಬಾಬಾಸಾಹೇಬರು ಬಾಗಿಲು ಅಳೆಯುವ ಪದದಲ್ಲಿ ಎರಡು ಕಡೆ ದೊಡ್ಡವ್ವ ತನ್ನದೇ ಮಾತು ಸೇರಿಸಿದ್ದಾಳೆಂದು ನಮಗೆ ಗುಮಾನಿ. ಕೇಳಿದರೆ “ಅವ ಮಾತ್ರ ಸೇರಿಸ್ಬೋದಾ?” ಅನ್ನುತ್ತಾಳೆ. ಸುಳ್ವಾಡಿಯ ಎಲೆ ಎಣಿಸುವಾಗ ಹನ್ನೊಂದಕ್ಕೆ ನಿಂತು, ಮೊರ ಕೆಳಗಿಟ್ಟು, ಉಳಿದದ್ದನ್ನು ನಾಳೆ ಬರಕೊಳ್ಳಿ ಅಂದಳು. ಆ ನಾಳೆ ಬರಲು ಎಂಟು ದಿನವಾಯಿತು.

ದೊಡ್ಡಪ್ಪ ಹೊರಗೆ ಜಗುಲಿಯ ಮೇಲೆ ಇದನ್ನೆಲ್ಲ ಕೇಳಿಸಿಕೊಂಡು ಕುಂತಿರುತ್ತಾನೆ. ತಪ್ಪಾದರೂ ತಿದ್ದುವುದಿಲ್ಲ. ಪುಸ್ತಕವಾದರೆ ಹೆಸರು ಹಾಕುತ್ತೇವೆ ಅಂದಾಗ ಮಾತ್ರ ಬೇಡ ಅಂದ. ಅದಕ್ಕೇ ಇಲ್ಲಿಯೂ ಹಾಕಿಲ್ಲ. ನಲವತ್ತು ಪುಟ ಆಗಿದೆ. ಕರುವಿನ ಸಾಲು ಇನ್ನೂ ಬಂದಿಲ್ಲ. ದೊಡ್ಡವ್ವನಿಗೆ ಅದು ಪೂರ್ತಿ ಬರುತ್ತದೆ, ನಮಗೆ ಗೊತ್ತು. “ಅದ ಅವುನ್ನೇ ಕೇಳ್ಕಳಿ” ಅನ್ನುತ್ತಾಳೆ. ನಾವು ಮೂವರೂ ಜಗುಲಿಯವರೆಗೆ ಹೋಗುತ್ತೇವೆ, ಬೀಡಿ ಬೆಂಕಿ ಕಾಣುತ್ತದೆ, ಊಟ ಆಯ್ತಾ ದೊಡ್ಡಪ್ಪ ಅಂತ ಕೇಳಿ ವಾಪಸು ಬರುತ್ತೇವೆ.